ದಮ್ ಹಾಕಿದ ಮೇಲೆ

ಎಲ್ಲಿಂದ ಶುರು ಮಾಡಲಿ? ಹಂಡೆಯಿಂದಲೋ, ಹೆಂಗಸಿನಿಂದಲೋ?

ಮೊದಲ ಕರಡು ಹೀಗಿತ್ತು: ‘ವೃತ್ತಿಜೀವನದಲ್ಲಿ ಆತ್ಮವಿಶ್ವಾಸವೆಂಬುದು ಅತ್ಯಂತ ಮಹತ್ವದ್ದು.’ ಓದಿ ನೋಡಿದೆ. ಶಾಲೆಯ ಗೋಡೆಯ ಮೇಲೆ ಬರೆಸಿದಂತಿತ್ತು. ಹೊಡೆದು ಹಾಕಿದೆ.

(ಅಜ್ಜಿಯಾದ ಮೇಲೆ ನಾನು ಸೇರಿದ ರಾತ್ರಿಶಾಲೆಯಲ್ಲಿ ಮೂಕಪ್ಪ ಮೇಷ್ಟ್ರು ಕತೆಗೆ ಆರಂಭ, ನಡು, ಕೊನೆ ಮೂರೂ ಬೇಕೆಂದಿದ್ದರು. ‘ಕೊನೆ’ ಕಲಿಸಬೇಕಾದ ದಿನ ಕರೆಂಟ್ ಹೋಯಿತು. ಇದನ್ನು ನೆನಪಿಟ್ಟುಕೊಂಡು ಓದಿ, ಆಮೇಲೆ ಬೈಯಬೇಡಿ.)

೧

ಹೊನ್ನಾಳಿಯ ಶಾದಿಮಹಲ್ ಹಿಂದೆ, ತಗಡಿನ ಚಪ್ಪರದಡಿ ಗೌಸಿಯಾ ನಿಂತಿದ್ದಾಳೆ. ನ್ಯಾಮತಿಯವಳು, ವಯಸ್ಸು ಮೂವತ್ತೆಂಟು. ಮದುವೆ ಬಿರಿಯಾನಿಗೆ ಹೆಸರಾದ ಮುಬಾರಕ್ ಮಾಮುವಿನ ಕೈಕೆಳಗೆ ಹನ್ನೊಂದು ವರ್ಷ ಈರುಳ್ಳಿ ಹೆಚ್ಚಿದವಳು. ಮಾಮುವಿಗೆ ಮೊನ್ನೆ ಕಣ್ಣಿನ ಪೊರೆ ತೆಗೆದಿದ್ದಾರೆ. ಹೊಗೆಯ ಹತ್ತಿರ ಸುಳಿಯುವಂತಿಲ್ಲ. ಹಾಗಾಗಿ ಇವತ್ತು ಮುನ್ನೂರು ಜನರ ಹಂಡೆ ಇವಳದು. ಮಾಂಸದ ಮೇಲೆ ಅರೆಬೆಂದ ಅಕ್ಕಿ ಹರವಿ, ಮುಚ್ಚಳದ ಅಂಚಿಗೆ ಹಿಟ್ಟು ಮೆತ್ತಿ, ಮೇಲೆ ಕೆಂಡ ಸುರಿದು ದಮ್ ಹಾಕಿಯಾಗಿದೆ. ಇನ್ನು ಮುಕ್ಕಾಲು ಗಂಟೆ ಯಾರೂ ಏನೂ ಮಾಡಬಾರದು.

ಕಷ್ಟ ಇರುವುದೇ ಅಲ್ಲಿ. ಅವಳ ಕೈ ನಡುಗುತ್ತಿತ್ತು.

“ಅಜ್ಜಿ, ಕೈ ನಡುಗ್ಲಿಲ್ಲ,” ಎಂದು ಗೌಸಿಯಾ ನನ್ನ ಮೇಲೆ ತಕರಾರು ತೆಗೆದಳು. “ಕಾಲು. ಕೈ ನಡುಗಿದ್ರೆ ಉಪ್ಪು ಹಾಕಾಕೆ ಆಗ್ತೈತೇನ್ರಿ? ತಿದ್ರಿ.”

ತಿದ್ದಿದೆ. ಕಾಲು ನಡುಗುತ್ತಿತ್ತು.

೨

(ಈಗ ಹಿಂದಕ್ಕೆ. ಈಗಿನ ಕತೆಗಳಲ್ಲಿ ಹೇಳದೆ ಕೇಳದೆ ಹಿಂದಕ್ಕೆ ಹೋಗಬಹುದಂತೆ. ನಾನು ಹೇಳಿಯೇ ಹೋಗುತ್ತೇನೆ.)

ಹೋದ ತಿಂಗಳು ಗೋವಿನಕೋವಿಯಲ್ಲಿ, ಮಗುವಿಗೆ ಹೆಸರಿಡುವ ಊಟಕ್ಕೆ, ಮೊದಲ ಸಲ ಒಬ್ಬಳೇ ದಮ್ ಹಾಕಿದ್ದಳು. ಬೆಂದಿದೆಯೋ ಇಲ್ಲವೋ ಎಂದು ಮೂರು ಸಲ ಮುಚ್ಚಳ ಎತ್ತಿ ನೋಡಿದಳು. ಎತ್ತಿದಾಗಲೆಲ್ಲ ಹಬೆ ಹೋಯಿತು. ಹಬೆ ಹೋಯಿತೆಂದು ಉರಿ ಜಾಸ್ತಿ ಮಾಡಿದಳು. ಮೇಲೆ ಗಟ್ಟಿ ಕಾಳು, ತಳದಲ್ಲಿ ಮಸಿ. ಯಾರೂ ಬೈಯಲಿಲ್ಲ. ಹಿರಿಯರೊಬ್ಬರು ಕೈ ತೊಳೆಯುತ್ತ ಹೇಳಿದ್ದಿಷ್ಟೆ:

“ಮೊಸರುಬಜ್ಜಿ ಬಾಳ ಚೆನ್ನಾಗಿತ್ತವ್ವ.”

ಬೈದಿದ್ದರೆ ಅವಳು ಆ ರಾತ್ರಿ ನಿದ್ದೆ ಮಾಡುತ್ತಿದ್ದಳು.

೩

ಆಮೇಲೆ ಯಾರೋ ಹೇಳಿದರೆಂದು ಚನ್ನಗಿರಿಗೆ ಹೋಗಿ ಒಂದು ದಿನದ ಕಾನ್ಫಿಡೆನ್ಸ್ ತರಬೇತಿಗೆ ಕೂತಳು. ತರಬೇತಿ ಕೊಟ್ಟ ಸಂಧ್ಯಾರಾಣಿ ಮೇಡಂ, “ಬೆನ್ನು ನೇರ ಇಡಿ, ಐ ಕಾಂಟ್ಯಾಕ್ಟ್ ಮಾಡಿ, ದಿನಾ ಕನ್ನಡಿ ಮುಂದೆ ‘ಐ ಕ್ಯಾನ್’ ಅನ್ನಿ,” ಎಂದರು.

ಗೌಸಿಯಾ ಕೈ ಎತ್ತಿದಳು. “ಮೇಡಂ, ಹಂಡೆ ಜೊತೆ ಐ ಕಾಂಟ್ಯಾಕ್ಟ್ ಹೆಂಗ್ರೀ? ಮುಚ್ಚಳ ಹಾಕಿರ್ತೈತಲ್ಲ.”

ಮೇಡಂ ನೀರು ಕುಡಿದು, ಟೀ ಬ್ರೇಕ್ ಎಂದರು. (ಅವರು ಒಳ್ಳೆಯವರು. ಗೇಲಿ ಮಾಡುವ ಉದ್ದೇಶ ನನಗಿಲ್ಲ. ಸ್ವಲ್ಪ ಇದೆ.)

೪

ಮತ್ತೆ ಹೊನ್ನಾಳಿ. ಇಪ್ಪತ್ತೈದು ನಿಮಿಷ ಕಳೆದಿದೆ. ಮದುಮಗಳ ಅಣ್ಣ ನವಾಜ್ ಬೆವರು ಒರೆಸಿಕೊಳ್ಳುತ್ತ ಬಂದ. (ಇವರು ಮಾತಾಡಿದ್ದು ಉರ್ದುವಿನಲ್ಲಿ. ಕನ್ನಡಕ್ಕೆ ತರುವಾಗ ಬೈಗುಳ ಕೈಬಿಟ್ಟಿದ್ದೇನೆ. ಅಕ್ಕ ಎನ್ನುವ ‘ಆಪಾ’ ಉಳಿಸಿದ್ದೇನೆ.)

“ಆಪಾ, ಬೀಗರು ಊಟಕ್ಕೆ ಕೂತಾಯ್ತು. ತೆಗೀರಿ.”

“ಇನ್ನೂ ಇಪ್ಪತ್ತು ನಿಮಿಷ ಐತೆ.”

“ಒಂದ್ಸಲ ಎತ್ತಿ ನೋಡ್ರಿ!”

“ನೋಡಿದ್ರೆ ಕೆಡ್ತೈತೆ.”

“ನೋಡ್ದಲೆ ಬೇಯ್ತೈತೆ ಅಂತ ಹೆಂಗೆ ಹೇಳ್ತೀರಿ? ಮುಬಾರಕ್ ಮಾಮು ಇದ್ದಿದ್ರೆ…”

“ಮಾಮು ಇದ್ದಿದ್ರೆ ನೀವು ಕೇಳಾಕೇ ಬರ್ತಿರ್ಲಿಲ್ಲ ನವಾಜ್ ಭಾಯ್.”

ಅಂದುಬಿಟ್ಟಳು. ಅಂದಮೇಲೆ ಎರಡನೆಯ ಕಾಲೂ ನಡುಗತೊಡಗಿತು. ಬೀಗರು ಚನ್ನಗಿರಿಯವರು, ಮುಂದಿನ ತಿಂಗಳು ಅವರ ಮನೆಯಲ್ಲೂ ಮದುವೆ, ಆರುನೂರು ಜನ. ಇವತ್ತು ತಿಂದು ನೋಡಿ ಅಡುಗೆ ಯಾರಿಗೆ ವಹಿಸುವುದೆಂದು ತೀರ್ಮಾನಿಸುತ್ತಾರೆ. ಅಕ್ಕಿ ಕೆಟ್ಟರೆ ಗೌಸಿಯಾ ಮತ್ತೆ ಈರುಳ್ಳಿಗೆ.

ಅವಳು ಕೆಂಡ ಸರಿಸುವ ಸಲಾಕೆ ಎತ್ತಿಕೊಂಡಳು.

೫

ಇಲ್ಲಿ ನನ್ನ ಬಳಿ ಮೂರು ಕೊನೆಗಳಿದ್ದವು.

ಒಂದು: ಮುಚ್ಚಳ ತೆಗೆದಳು, ಅನ್ನ ಮಲ್ಲಿಗೆಯಂತೆ ಅರಳಿತ್ತು, ಬೀಗರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

“ಬಿರಿಯಾನಿಗೆ ಯಾರ್ ಅಜ್ಜಿ ಚಪ್ಪಾಳೆ ತಟ್ತಾರೆ? ಕೈಯೆಲ್ಲ ತುಪ್ಪ ಇರ್ತೈತೆ.”

ಎರಡು: ತೆಗೆದಳು, ಮೊಸರುಬಜ್ಜಿ ಬಾಳ ಚೆನ್ನಾಗಿತ್ತು. (ಇದನ್ನು ನಾನೇ ಹರಿದೆ.)

ಮೂರು: ಮಾಮು ಕಪ್ಪು ಕನ್ನಡಕ ಹಾಕಿಕೊಂಡು ಆಟೋದಲ್ಲಿ ಬಂದಿಳಿದು ಕಾಪಾಡಿದರು.

“ಹಂಗಾದ್ರೆ ಕತೆನೂ ಅವ್ರದೇ ಬರೀರಿ. ನಾ ಈರುಳ್ಳಿ ಹೆಚ್ತೀನಿ.”

ಮೂರನೆಯದನ್ನೂ ಹರಿದೆ. ಕೊನೆಗೆ ನಾನೇ ಸೋತೆ. “ನೀನೇ ಹೇಳು ತಾಯಿ. ಆಮೇಲೆ?”

೬

ಆಮೇಲೆ ಅವಳಿಗೆ ಕಂಡಿದ್ದು ಮಾಮುವಿನ ಬೆನ್ನು. ಪ್ರತಿ ಮದುವೆಯಲ್ಲೂ ದಮ್ ಹಾಕಿದ ಕೂಡಲೇ ಮಾಮು ಹೆಗಲ ಟವೆಲನ್ನು ಕಂಬಕ್ಕೆ ಸಿಕ್ಕಿಸಿ, ಹಿಂದಿರುಗಿ ನೋಡದೆ ಚಾ ಕುಡಿಯಲು ಹೋಗುತ್ತಿದ್ದರು. ದಣಿವಾಗಿರಬೇಕು ಎಂದುಕೊಂಡು ಹನ್ನೊಂದು ವರ್ಷ ಇವಳು ಹಂಡೆ ಕಾದಿದ್ದಳು. ದಣಿವಲ್ಲ, ಮುಚ್ಚಳ ಎತ್ತುವ ಆಸೆಯಿಂದ ದೂರ ಹೋಗುತ್ತಿದ್ದರು ಎಂದು ಹೊಳೆದಿದ್ದು ಈಗ.

ಗೌಸಿಯಾ ಸಲಾಕೆ ಕೆಳಗಿಟ್ಟಳು. ತನ್ನ ಹೆಗಲ ಟವೆಲನ್ನು ಕಂಬಕ್ಕೆ ಸಿಕ್ಕಿಸಿದಳು.

“ಎಲ್ಲಿಗ್ರೀ ಹಂಡೆ ಬಿಟ್ಟು?” ನವಾಜ್ ಕೂಗಿದ.

“ಚಾ ಕುಡಿಯಾಕೆ.”

“ನಾನೇ ತೆಗೀತೀನಿ ನೋಡ್ರಿ ಮತ್ತೆ!”

“ತೆಗೀರಿ. ನೀವ್ ತೆಗೆದ್ರೆ ಅದು ನಿಮ್ಮ ಬಿರಿಯಾನಿ. ತೆಗೀದಿದ್ರೆ ನಂದು.”

ನವಾಜ್ ಕೈ ಚಾಚಿದ. ಮುಚ್ಚಳದ ಹತ್ತಿರ ಹೋದ ಕೈ, ದಾರಿ ಮರೆತಂತೆ ಅಲ್ಲೇ ನಿಂತು, ಹಿಂದಕ್ಕೆ ಹೋಗಿ ಬೆನ್ನ ಹಿಂದೆ ಅವಿತುಕೊಂಡಿತು. ಅವನು ಹಂಡೆಗೆ ಕಾವಲು ನಿಂತ.

೭

ಇನ್ನು ಹದಿನೆಂಟು ನಿಮಿಷ. ಒಳಗೆ ಏನಾಗಿದೆಯೆಂದು ತಿಳಿಯುವ ಆಸೆ ನಿಮಗಿದೆ. ನನಗೆ ಅದಕ್ಕಿಂತ ಹೆಚ್ಚು. ಬರೆಯುವವಳು ನಾನು; ಒಂದೇ ಒಂದು ಸಾಲು ಸಾಕು, ಅಂಚಿನ ಹಿಟ್ಟನ್ನು ಇಷ್ಟೇ ಇಷ್ಟು ಬಿಡಿಸಿ…

“ಅಜ್ಜಿ.” ರಸ್ತೆಯಾಚೆ ಚಾಂದ್‌ನ ಚಾ ಅಂಗಡಿಯ ಬೆಂಚಿನಿಂದ, ತಿರುಗಿಯೂ ನೋಡದೆ ಗೌಸಿಯಾ ಅಂದಳು. “ಪೆನ್ ಕೆಳಗಿಡ್ರಿ.”

ಇಟ್ಟೆ. (ಇದು ಪೆನ್ಸಿಲ್.) ಕೈ ನಡುಗುತ್ತಿಲ್ಲ, ಕಾಲು.

ಎರಡು ಚಾ ಹೇಳಿದ್ದಾಳೆ, ಒಂದು ನನಗಂತೆ. ಹೋಗಿ ಕುಡಿಯುತ್ತೇನೆ. ಹಂಡೆ ಅಲ್ಲೇ ಇದೆ. ನೀವೂ ಮುಟ್ಟಬೇಡಿ.