ಹೊರಗೆ ಬಾರದವಳು

"ಲೇ ಮೀನುನಾತದ ಮುಂಡೆ, ಮೂಗು ಮುಚ್ಕೊಂಡು ನಿಂಗೆ ಈ ಕುರ್ಚಿ ಕೊಟ್ಟಿದೀನಿ. ಬೇಗ ಬೆರಳಾಡ್ಸು!"

ಮ್ಯಾನೇಜರ್ ಬೆಲ್‌ಕಾಸೆಮ್ ಬೆನ್ನ ಹಿಂದೆಯೇ ನಿಂತಿದ್ದ. ಹಫೀದಾ ಕೀಲಿಮಣೆ ಹತ್ತಿರಕ್ಕೆ ಎಳೆದುಕೊಂಡಳು. ಸಾಫಿ ಬಂದರಿನ ಈ ಕಾರ್ಖಾನೆಯಲ್ಲಿ ಅವಳೂ ಬೂತಾಯಿ ಮೀನನ್ನು ಡಬ್ಬಿಗೆ ತುಂಬುತ್ತಿದ್ದವಳೇ. ನಾಲ್ಕಕ್ಷರ ಬರುತ್ತದೆಂದು ಕಂಪ್ಯೂಟರ್ ಮುಂದೆ ಕೂರಿಸಿದ್ದರು.

"ಕೈ ಕೊಳೀತು ಅಂತ ಆಸ್ಪತ್ರೆ ಚೀಟಿ ತಂದವ್ರು ಯಾರ್ಯಾರು, ಕೇಳು ಆ ಕಂಪ್ಯೂಟರನ್ನ. ಹೆಸರೆಲ್ಲ ಒಂದು ಪಟ್ಟಿಗೆ ಬರ್ಲಿ. ಪಾಳಿ ಶುರುವಾಗೋ ಮುಂಚೆ ಗೇಟಲ್ಲಿ ಓದಿ, ಹಂಗೇ ಓಡ್ಸಿಬಿಡು."

ಅವಳು ಕೇಳಿದಳು. ಉಪ್ಪುನೀರು ತಿಂದ ಕೈಗಳೆಲ್ಲ ಹೆಸರುಗಳಾಗಿ ಪರದೆಯ ಮೇಲೆ ಬಂದವು. ಅವುಗಳ ನಡುವೆ ಝೊಹ್ರಾ.

ಹಫೀದಾಳ ಬೆರಳು ನಿಂತಿತು. ಕಳೆದ ಚಳಿಗಾಲ, ಮೀನು ಬೇಯಿಸುವ ಉಗಿಕೋಣೆಯಲ್ಲಿ ಝೊಹ್ರಾ ಬೆಂದು ಸತ್ತಿದ್ದಳು. ಮೀನು ಕದಿಯುತ್ತಾರೆಂದು ಆ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಸುತ್ತಿದ್ದವನು ಇದೇ ಬೆಲ್‌ಕಾಸೆಮ್. ಅವಳು ಒಳಗಿನಿಂದ ಬಾಗಿಲು ಬಡಿದದ್ದು ಯಂತ್ರಗಳ ಗದ್ದಲದಲ್ಲಿ ಯಾರಿಗೂ ಕೇಳಿರಲಿಲ್ಲ. ಹಫೀದಾಳಿಗೆ ಈಗ ಎಲ್ಲೆಲ್ಲೂ ಕೇಳುತ್ತಿತ್ತು, ಅನ್ನದ ತಟ್ಟೆಯ ಮುಂದೆಯೂ.

"ಸಾಹೇಬ್ರೇ, ಇವ್ಳು ಸತ್ತೋದ್ಲಲ್ಲ..."

"ಅವತ್ತು ಅವ್ಳು ಕೆಲ್ಸಕ್ಕೇ ಬಂದಿರ್ಲಿಲ್ಲ ಅಂತ ಪೊಲೀಸ್ರಿಗೆ ಬರ್ಕೊಟ್ಟಾಗಿದೆ. ಕಿತ್ತಾಕು!" ಎಂದು ಅವನು ಚಹಾ ಕುಡಿಯಲು ಹೋದ.

ಅವಳು ಕಿತ್ತದ್ದು ಆ ಪಟ್ಟಿಯನ್ನೇ. ಬರುವಾಗ ಹೋಗುವಾಗ ಗೇಟಿನಲ್ಲಿ ಒತ್ತುವ ಕಾರ್ಡುಗಳ ದಾಖಲೆ ತೆರೆದು ಬೇರೆಯೇ ಪ್ರಶ್ನೆ ಹಾಕಿದಳು: ಒಳಗೆ ಹೋದವರಲ್ಲಿ ನಿನ್ನೆಯವರೆಗೂ ಹೊರಗೆ ಬಾರದವರು ಯಾರು?

ಒಂದೇ ಹೆಸರು ಬಂತು. ಹೆಣವನ್ನು ಮಂಜುಗಡ್ಡೆ ಲಾರಿಯಲ್ಲಿ ಹಿಂಬಾಗಿಲಿನಿಂದ ಸಾಗಿಸಿದ್ದರು. ಹೆಣಕ್ಕೆ ಯಾರು ಕಾರ್ಡು ಒತ್ತುತ್ತಾರೆ?

ಗೇಟಿನಲ್ಲಿ ಪಾಳಿಯ ಹೆಂಗಸರು ಕಾದಿದ್ದರು. ಮುಂದೆಯೇ ಝೊಹ್ರಾಳ ತಾಯಿ ಯಾಮ್ನಾ. ಮಗಳು ಹೋದ ಮೇಲೆ ಅವಳು ಮೀನು ತುಂಬುತ್ತಿದ್ದ ಅದೇ ಮೇಜಿಗೆ ಬಂದು ನಿಂತ ಮುದುಕಿ. ಹಫೀದಾ ಮುದ್ರಿಸಿ ತಂದ ಕಾಗದ ಬಿಚ್ಚಿ ಓದಿದಳು.

"ಝೊಹ್ರಾ. ಬೆಳಗಿನ ಪಾಳಿಗೆ ಒಳಗೆ ಹೋಗಿದಾಳೆ. ಇನ್ನೂ ಹೊರಗೆ ಬಂದಿಲ್ಲ."

"ಏನೇ ಓದ್ತಿದೀಯಾ, ರಂಡೆ!" ಬೆಲ್‌ಕಾಸೆಮ್ ಕಾಗದ ಕಿತ್ತುಕೊಂಡ.

"ನಿಮ್ ಕಂಪ್ಯೂಟರ್ ಹೇಳಿದ್ದು. ನಾನು ಕೇಳ್ದೆ ಅಷ್ಟೇ."

ಯಾಮ್ನಾ ಹತ್ತಿರ ಬಂದಳು. "ಬಂದೇ ಇಲ್ವಾ, ಮಗಾ?"

"ಇಲ್ಲಮ್ಮಾ."

"ತಡಿ, ಕರ್ಕೊಂಡ್ ಬತ್ತೀನಿ."

ಕಾವಲುಗಾರ ಅಡ್ಡ ಚಾಚಿದ ಕೈಯನ್ನು ತಳ್ಳಿ ಮುದುಕಿ ಒಳನಡೆದಳು. ಹಿಂದೆಯೇ ಹೆಂಗಸರೆಲ್ಲ. ಸೈರನ್ ಕೂಗಿತು, ಒಬ್ಬಳೂ ಮೇಜಿನ ಕಡೆ ತಿರುಗಲಿಲ್ಲ. ಯಾಮ್ನಾ ಉಗಿಕೋಣೆಯ ಚಿಲಕ ಸರಿಸಿದಳು. ಬಿಳಿಯ ಬಿಸಿ ಹಬೆ ನುಗ್ಗಿ ಬಂದು ಎಲ್ಲರನ್ನೂ ಮುಚ್ಚಿತು.

"ಝೊಹ್ರಾ, ಬಾರೇ ಮನೆಗೆ..."

"ಬಾಗ್ಲು ಮುಚ್ರೋ, ಮುಚ್ರೋ!" ಬೆಲ್‌ಕಾಸೆಮ್ ಅರಚುತ್ತಲೇ ಇದ್ದ. ಮುಚ್ಚಲು ಒಂದು ಕೈಯೂ ಮುಂದೆ ಬರಲಿಲ್ಲ.