ಕತ್ತಲೆಯ ಮೆಟ್ಟಿಲು

“ಇನ್ನೊಂದು ಏರಿಸು ತಾಯಿ,” ಎಂದರು ಮೀಟರ್ ಸಾರ್.

ಕತ್ತಲಲ್ಲಿ ಕೀಲಿ ಒತ್ತಿದ ಸಣ್ಣ ಸದ್ದು. ಎಂಟು.

“ಇನ್ನೂ ಒಂದು.”

ಒಂಬತ್ತು.

“ಹಾಂ, ಸಾಕು. ಕಣ್ಣಿಗೆ ಹಿತವಾಗಿದೆ. ಬರ್ಕೋ.”

ಅವರು ಕೂತಿದ್ದು ಅರ್ಧ ಕಾರಿನಲ್ಲಿ. ಮುಂದಿನ ಗಾಜು, ಸ್ಟೀರಿಂಗು, ಎರಡು ಸೀಟು, ಅಷ್ಟೇ. ಸೀಟಿನ ಹಿಂದಕ್ಕೆ ಗರಗಸದಲ್ಲಿ ಕೊಯ್ದುಬಿಟ್ಟಿದ್ದರು. ಚಕ್ರವೇ ಇಲ್ಲದ ಈ ಕಾರಿನಲ್ಲಿ ಒಂದಡಿಯೂ ಮುಂದೆ ಹೋಗದೆ ಅವರು ಎಂಟು ವರ್ಷ ಓಡಾಡಿದ್ದರು. ಕಾರ್ಖಾನೆಯವರು ತಯಾರಿಸುತ್ತಿದ್ದುದು ಹೆಡ್-ಅಪ್ ಡಿಸ್‌ಪ್ಲೇ. ಓಡಿಸುವವನು ತಲೆ ಬಗ್ಗಿಸಬೇಕಾಗಿಲ್ಲ, ವೇಗದ ಅಂಕಿ ಎದುರಿನ ಗಾಜಿನ ಮೇಲೇ ತೇಲುತ್ತದೆ. ಅಂಕಿಯ ಹಿಂದೆ ಒಂದು ದೀಪ. ನಡುಹಗಲಲ್ಲಿ ಅದು ಬಿಸಿಲಿಗೆ ಸವಾಲು ಹಾಕುವಂತೆ ಉರಿಯಬೇಕು, ಕಾರು ಸುರಂಗಕ್ಕೆ ನುಗ್ಗಿದ ಕ್ಷಣ ತಗ್ಗಿಬಿಡಬೇಕು. ತಗ್ಗದಿದ್ದರೆ ಅಂಕಿಯೇ ಕಣ್ಣು ಕುಕ್ಕಿ ದಾರಿ ಮುಚ್ಚಿಹೋಗುತ್ತದೆ. ಎಷ್ಟು ತಗ್ಗಬೇಕು ಎನ್ನುವುದಕ್ಕೆ ಇಪ್ಪತ್ತೆರಡು ಮೆಟ್ಟಿಲು, ಮೆಟ್ಟಿಲು ಏರಿದಷ್ಟೂ ಬೆಳಕು ಹೆಚ್ಚು. ಮಿಕ್ಕಿದ್ದನ್ನೆಲ್ಲ ಯಂತ್ರವೇ ಅಳೆಯುತ್ತಿತ್ತು. ‘ಕತ್ತಲೆಯ ಮೆಟ್ಟಿಲು’, ಎಂದರೆ ಗಾಢ ಕತ್ತಲಿಗೆ ಯಾವ ಮೆಟ್ಟಿಲು ಸರಿ ಎಂಬುದನ್ನು ಮಾತ್ರ ಮನುಷ್ಯನ ಕಣ್ಣೇ ಹೇಳಬೇಕೆಂಬುದು ಅಲ್ಲಿಯ ಪದ್ಧತಿ. ಆ ಕಣ್ಣು ಇವರದು. ಬೆಸುಗೆ ಹಾಕುವ ಮೇಜಿನಿಂದ ಯಾವ ಡಿಗ್ರಿಯೂ ಇಲ್ಲದೆ ಮೇಲೆ ಬಂದವರು. ಒಮ್ಮೆ ಯಂತ್ರದ ತಪ್ಪನ್ನೇ ಹಿಡಿದು ತೋರಿಸಿದ ಮೇಲೆ ಎಲ್ಲರ ಬಾಯಲ್ಲೂ ಮೀಟರ್ ಆದರು. ಸ್ವಂತ ಹೆಸರನ್ನು ಈಗ ಹೆಂಡತಿಯೂ ಮರೆತಿರಬೇಕು ಎಂದು ಅವರೇ ನಗುತ್ತಿದ್ದರು.

ಕೀಲಿ ಒತ್ತುತ್ತಿದ್ದವಳು ಎಂಜಿನಿಯರ್ ಹುಡುಗಿ. ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಪಕ್ಕದ ಸೀಟಿನಲ್ಲಿ ಕೂತು, ಕತ್ತಲೆಗೆ ಹೊಂದಿದ ಕಣ್ಣು ಕೆಡದಂತೆ ಕೆಂಪು ಹಾಳೆ ಹೊದಿಸಿದ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

“ಸಾರ್, ಈಗ ಗಾಜಿನ ಮೇಲೆ ಏನ್ ಕಾಣ್ತಿದೆ?”

“ಅರವತ್ತು. ಯಾವತ್ತೂ ಅರವತ್ತೇ ಅಲ್ವಾ, ನಮ್ಮ ಕಾರಿಗೆ ಅದಕ್ಕಿಂತ ಆಸೆ ಇಲ್ಲ.”

“ಸಾರ್...” ಅವಳ ದನಿ ಇಳಿಯಿತು. “ದೀಪಕ್ಕೆ ವೈರೇ ಹಾಕಿಲ್ಲ ನಾನು. ಮರ್ತೋಗಿತ್ತು. ಗಾಜಿನ ಮೇಲೆ ಏನೂ ಇಲ್ಲ.”

ಮೀಟರ್ ಸಾರ್ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ಎದುರಿಗೆ ತಿರುವು ಬಂತೇನೋ ಎಂಬ ಹಾಗೆ.

ಎದ್ದು ಹೊರಗೆ ಹೋಗೋಣವೆಂದರೆ ಬಾಗಿಲು ತೆಗೆಯುವಂತಿರಲಿಲ್ಲ. ಪರೀಕ್ಷೆ ಶುರುವಾದರೆ ಬೆಳಕು ನುಸುಳದಂತೆ ನಲವತ್ತು ನಿಮಿಷ ಬೀಗ ಬೀಳುತ್ತಿತ್ತು. ಕಣ್ಣು ಕತ್ತಲೆಗೆ ಹೊಂದಲೆಂದು ಮೊದಲ ಇಪ್ಪತ್ತು ನಿಮಿಷ ಸುಮ್ಮನೆ ಕೂತಾಗಿತ್ತು. ಇನ್ನು ಹದಿನೈದು ಬಾಕಿ.

“ಹಾಗಾದ್ರೆ ನಿನ್ನ ವೈರಿಗೂ ನನ್ನ ಕಣ್ಣಿಗೂ ಒಂದೇ ದಿನ ರಜಾ,” ಎಂದರು. ಅವಳು ನಗಲಿಲ್ಲ.

“ಯಾವಾಗಿಂದ ಸಾರ್?”

“ಒಂದು ವರ್ಷ ಮೇಲಾಯ್ತು. ಬೆಳಕಲ್ಲಿ ಸೂಜಿಗೆ ದಾರ ಪೋಣಿಸ್ತೀನಿ ತಾಯಿ, ಸುಳ್ಳಲ್ಲ. ಕತ್ತಲಾದ್ರೆ ಮುಗೀತು. ಡಾಕ್ಟ್ರು ಇದಕ್ಕೆ ಕನ್ನಡಕನೂ ಇಲ್ಲ, ಆಪರೇಷನ್ನೂ ಇಲ್ಲ ಅಂದ್ರು. ಮನೇಲಿ ಕರೆಂಟು ಹೋದಾಗ ತಡಕಾಡ್ತಿದ್ರೆ ನಮ್ಮನೆಯವಳು, ‘ಅದೇನ್ ಗೋಡೆ ಸವರ್ತೀರಿ, ಸುಣ್ಣ ಹೊಡೀತಿದೀರಾ’ ಅಂತಾಳೆ. ಅವಳಿಗೂ ಹೇಳಿಲ್ಲ.”

“ಮತ್ತೆ ಒಂಬತ್ತು ಅಂದ್ರಲ್ಲ?”

“ನೀನು ಒತ್ತೋದನ್ನ ಎಣಿಸ್ತೀನಿ. ಕಣ್ಣು ಚೆನ್ನಾಗಿದ್ದಾಗ ಯಾವ ಕಾರಿಗಾದ್ರೂ ಒಂಬತ್ತರ ಆಸುಪಾಸಲ್ಲೇ ನಿಲ್ತಿತ್ತು.”

“ಆದ್ರೆ ಇದು ಹೊಸ ಗಾಜು ಸಾರ್. ಜಾಸ್ತಿ ಹೊಳೆಯುತ್ತೆ.”

ಅದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಬೆಳಗ್ಗೆಯಿಂದ ಅದರ ಯೋಚನೆಯನ್ನು ಮನಸ್ಸಿನ ಹತ್ತಿರಕ್ಕೆ ಬಿಟ್ಟುಕೊಂಡಿರಲಿಲ್ಲ.

ಅವಳು ಬಗ್ಗಿ ವೈರು ಸಿಕ್ಕಿಸಿದಳು. ಮೀಟರ್ ಸಾರ್ ಮುಖದೆದುರು ಮಬ್ಬಾಗಿ ಏನೋ ಬೆಳಗಿತು, ಬಟ್ಟೆಯಾಚೆಯ ದೀಪದ ಹಾಗೆ. ಗಾಜಿನ ಮುಂದೆ ಮೂವತ್ತಡಿ ದೂರದ ಗೋಡೆಗೆ, ಬೆಳದಿಂಗಳಿಗಿಂತಲೂ ಮಂದವಾದ ಬೆಳಕಿನಲ್ಲಿ, ಒಬ್ಬ ರಟ್ಟಿನ ಮನುಷ್ಯನನ್ನು ಒರಗಿಸಿದ್ದರು. ಬೂದು ಬಣ್ಣದವನು, ರಸ್ತೆ ದಾಟುವ ಭಂಗಿಯವನು. ಅಂಕಿ ಕಂಡೂ ಅವನು ಕಾಣುತ್ತಿರಬೇಕು, ಅದೇ ಸರಿಯಾದ ಮೆಟ್ಟಿಲು.

“ಒಂಬತ್ತಕ್ಕೆ ಅವನಿಲ್ಲ ಸಾರ್,” ಎಂದಳು. ಕೀಲಿಯ ಸದ್ದು ಒಂದೊಂದಾಗಿ ಕೆಳಗಿಳಿಯಿತು. “ಏಳಕ್ಕೂ ಇಲ್ಲ. ಐದು... ನಾಲ್ಕು. ಈಗ ಕಂಡ. ಕೈಯೆಲ್ಲ ಕಾಣ್ತಿದೆ.”

ಮೀಟರ್ ಸಾರ್ ಕತ್ತಲೆಯತ್ತ ಕಣ್ಣರಳಿಸಿದರು. ಅವನನ್ನು ನೋಡಿ ವರ್ಷವಾಗಿತ್ತು.

“ಹೋದ ವರ್ಷದ ಎರಡು ಕಾರೂ ಹೀಗೇನಾ ಸಾರ್?”

“ಅವು ಹಳೇ ಗಾಜು. ಸರಿಯಾಗೇ ಇರ್ಬೇಕು.” ‘ಇರ್ಬೇಕು’ ಎಂದ ತಮ್ಮ ದನಿ ಅವರಿಗೇ ಹಿಡಿಸಲಿಲ್ಲ.

ಅವಳು ಮೆಲ್ಲಗೆ ಹೇಳಿದಳು. “ನಾಲ್ಕು ಅಂತ ಬರ್ಕೋತೀನಿ. ನೀವು ಸಹಿ ಹಾಕಿ. ನನಗೆ ಸಾಕ್ಷಿ ಸಹಿ ಬಿಟ್ರೆ ಪರೀಕ್ಷಕರ ಸಹಿ ಹಾಕೋ ಅಧಿಕಾರ ಇಲ್ಲ, ನಿಮಗೆ ಕಣ್ಣಿಲ್ಲ. ಇಬ್ಬರೂ ಸೇರಿದ್ರೆ ಒಂದು ಮೀಟರ್ ಆಗುತ್ತೆ. ರಿಟೈರ್ ಆಗೋಕೆ ಇನ್ನು ಮೂರೇ ವರ್ಷ ಅಲ್ವಾ. ಪ್ರತಿ ಸಲ ನಾನೇ ಜೊತೆಗೆ ಬರ್ತೀನಿ.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಆದರೆ ಮೀಟರ್ ಸಾರ್‌ಗೆ ಎದೆಯ ಮೇಲಿನ ಬೆಲ್ಟು ಇನ್ನೊಂದು ಸುತ್ತು ಬಿಗಿದಂತಾಯಿತು. ಇಷ್ಟು ದಿನ ಈ ಅರ್ಧ ಕಾರಿನಲ್ಲಿ ಸಿಕ್ಕಿಕೊಂಡಿದ್ದವರು ತಾವೊಬ್ಬರು. ಈಗ ಪಕ್ಕದ ಸೀಟೂ ಭರ್ತಿಯಾಯಿತು. ನಾಳೆ ಇವಳಿಗೆ ಬೇರೆ ಊರಿಗೆ ವರ್ಗವಾದರೆ? ಇವಳಿಗೆ ಜ್ವರ ಬಂದರೆ? ನಿಜ ಹೇಳಿಬಿಟ್ಟರೆ, ಕಾಣದ ಮೀಟರನ್ನು ಇಟ್ಟುಕೊಂಡು ಯಾರು ಏನು ಮಾಡುತ್ತಾರೆ? ಮತ್ತೆ ಬೆಸುಗೆ ಮೇಜಿಗೂ ಸೇರಿಸುವುದಿಲ್ಲ.

ಬೀಗ ಬಿಚ್ಚಿಕೊಂಡಿತು. ಓಣಿಯ ಬೆಳಕು ಒಮ್ಮೆಲೇ ಮುಖಕ್ಕೆ ಬಡಿಯಿತು. ಬಾಗಿಲಲ್ಲಿ ಮ್ಯಾನೇಜರು, ಅವರ ಹಿಂದೆ ಕಾರಿನ ಕಂಪನಿಯಿಂದ ಬಂದ ಇಬ್ಬರು ಅತಿಥಿಗಳು.

“ಏನ್ ಮೀಟರೇ, ನಮ್ಮ ಹೊಸ ಗಾಜು ಏನಂತು?”

“ಏನೂ ಅನ್ಲಿಲ್ಲ ಸಾರ್. ನನಗೆ ಕತ್ತಲಲ್ಲಿ ಕಣ್ಣು ಕಾಣಲ್ಲ.”

ಮ್ಯಾನೇಜರು ಹೊಟ್ಟೆ ಹಿಡಿದು ನಕ್ಕರು. “ನೋಡಿದ್ರಾ? ನಾನು ಹೇಳಿದ್ನಲ್ಲ, ಇವರು ಬಾಯಿ ಬಿಟ್ರೆ ತಮಾಷೆ.” ಅತಿಥಿಗಳೂ ನಕ್ಕರು. ಒಬ್ಬನಂತೂ ಬೆನ್ನು ತಟ್ಟಿದ.

“ತಮಾಷೆ ಅಲ್ಲ ಸಾರ್.”

“ಅಲ್ಲ ಅನ್ನೋದೇ ಇವರ ತಮಾಷೆ,” ಎಂದು ಮ್ಯಾನೇಜರು ರಟ್ಟಿಗೆ ಸಿಕ್ಕಿಸಿದ ಹಾಳೆಯನ್ನು ಮುಂದೆ ಹಿಡಿದರು. “ಬೇಗ ಬರೀರಿ, ಸಂಜೆಯೊಳಗೆ ಕಳಿಸ್ಬೇಕು.”

ಬೆಳಕಿನಲ್ಲಿ ಹಾಳೆಯ ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು. ‘ಕತ್ತಲೆಯ ಮೆಟ್ಟಿಲು’ ಎಂಬ ಸಾಲಿನ ಎದುರು ಒಂದು ಖಾಲಿ ಚೌಕ. ಮೀಟರ್ ಸಾರ್ ಅದರಲ್ಲಿ ದುಂಡಗೆ, ಶಾಲೆಯ ಹುಡುಗನಂತೆ ಬರೆದರು: ಪರೀಕ್ಷಕನಿಗೆ ಏನೂ ಕಾಣಲಿಲ್ಲ. ಕೆಳಗೆ ಸಹಿ ಹಾಕಿ ತಾರೀಖು ಬರೆದರು.

ಮ್ಯಾನೇಜರು ಅತಿಥಿಗಳಿಗೆ ಊಟದ ಕೋಣೆಯ ದಾರಿ ಹೇಳುತ್ತಲೇ, ಓದದೆ, ತಮ್ಮ ಸಹಿ ಗೀಚಿದರು. ಮೊದಲ ಅತಿಥಿ ಗೋಡೆಗೆ ಒತ್ತಿಕೊಂಡು ಗೀಚಿದ. ಎರಡನೆಯವನು ಇನ್ನೂ ನಗುತ್ತಲೇ ಗೀಚಿದ. ಸಾಕ್ಷಿಯ ಸಾಲೊಂದು ಉಳಿದಿತ್ತು, ಅದು ತುಂಬದೆ ಹಾಳೆ ಕಾರ್ಖಾನೆ ದಾಟುವಂತಿರಲಿಲ್ಲ. ಹಾಳೆ ಹುಡುಗಿಯ ಕೈಗೆ ಬಂತು.

ಅವಳು ಪೆನ್ನಿನ ಮುಚ್ಚಳ ತೆಗೆದಳು. ಚೌಕದಲ್ಲಿದ್ದುದನ್ನು ಓದಿದಳು. ಮತ್ತೊಮ್ಮೆ ಓದಿದಳು. ಓಣಿಯ ತುದಿಯಿಂದ ಮ್ಯಾನೇಜರು, “ಬಾರಮ್ಮಾ, ಊಟ ಆರುತ್ತೆ,” ಎಂದು ಕೂಗಿದರು. ಪೆನ್ನು ಹಾಳೆಯಿಂದ ಒಂದು ಬೆರಳಿನಷ್ಟು ಮೇಲೆ ನಿಂತೇ ಇತ್ತು. ಅದರ ಮೊನೆಯ ನೆರಳು ಖಾಲಿ ಸಾಲಿನ ಮೇಲೆ ಬಿದ್ದಿತ್ತು.