ಯಾವ ಪಾಠ ಕಷ್ಟ ಎಂದು ಕೇಳಿದರು

ಮೂರನೆಯ ಸಲವೂ ಬಿದ್ದರೆ ಮುಗಿಯಿತು. ಈ ಊರಿನಲ್ಲಿ ಮಾತ್ರವಲ್ಲ, ಇಡೀ ಜರ್ಮನಿಯಲ್ಲಿ ಯಾವ ಮೆಡಿಕಲ್ ಕಾಲೇಜೂ ಮತ್ತೆ ಬಾಗಿಲು ತೆರೆಯುವುದಿಲ್ಲ. ಮುದುಕಿಯಾಗಿ ಹೋಗಿ ಕೇಳಿದರೂ ಇಲ್ಲ. ಕಾನೂನು. ನನ್ನ ಅಕ್ಕ ಎರ್ಮಿನ್, ಡಾಕ್ಟರ್ ಓದಿನ ನಡುವೆ ಬರುವ ದೊಡ್ಡ ಪರೀಕ್ಷೆಯಲ್ಲಿ ಬರೆಯುವ ಭಾಗವನ್ನು ಗೆದ್ದಿದ್ದಳು. ಬಾಯಲ್ಲಿ ಹೇಳುವ ಭಾಗದಲ್ಲಿ ಎರಡು ಸಲ ಬಿದ್ದಿದ್ದಳು. ಮಾರ್ಚ್ ಹದಿನೆಂಟಕ್ಕೆ ಮೂರನೆಯದು. ಅವಳು ಈ ದೇಶದಲ್ಲಿರುವುದೇ ಓದುವವಳು ಎಂಬ ಕಾಗದದ ಮೇಲೆ. ಓದು ಹೋದರೆ ಆ ಕಾಗದಕ್ಕೂ ಬೆಲೆಯಿಲ್ಲ.

ನಾನು ಅವಳ ಕಾಲೇಜಿನ ಆಸ್ಪತ್ರೆಯ ಅಡುಗೆಮನೆಯಲ್ಲಿ ಊಟದ ಗಾಡಿ ತಳ್ಳುತ್ತೇನೆ. ಕ್ಯಾಮರೂನಿನಲ್ಲಿ, ಬಾಫುಸಾಮಿನ ಹೈಸ್ಕೂಲನ್ನು ಅರ್ಧಕ್ಕೆ ಬಿಟ್ಟು ಬಂದವನು. ಆದರೆ ಅಕ್ಕನಿಗೆ ಪ್ರಶ್ನೆ ಕೇಳುವವನು ನಾನೇ. ಪ್ರತಿ ಪ್ರೊಫೆಸರರ ಮೇಲೂ ಹಳೆಯ ವಿದ್ಯಾರ್ಥಿಗಳು ಬರೆದಿಟ್ಟ ಕಾಗದಗಳಿರುತ್ತವೆ: ಇವರು ಏನು ಕೇಳಿದರು, ಯಾವುದಕ್ಕೆ ನಕ್ಕರು, ಯಾವುದಕ್ಕೆ ಮುಖ ಗಂಟಿಕ್ಕಿದರು ಎಂದು. ಪರೀಕ್ಷೆಗೆ ಕೂರುವವರೆಲ್ಲ ಅದನ್ನೇ ಅರೆದು ಕುಡಿಯುತ್ತಾರೆ. ಅಕ್ಕನ ಪರೀಕ್ಷಕರು ಪ್ರೊಫೆಸರ್ ಕ್ಲಾಗೆಸ್, ದೇಹರಚನೆಯ ಮೇಷ್ಟ್ರು. ಅವರ ಮೇಲಿನ ಮೂವತ್ತೊಂದು ಕಾಗದಗಳನ್ನು ನಾನು ಓದಿ ಓದಿ ಕೇಳಿದೆ. ಕೈಯ ಸ್ನಾಯು ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತಿದ್ದಳು. ಹೃದಯ, ಹೊಟ್ಟೆ, ಮೂತ್ರಪಿಂಡ, ಎಲ್ಲ ಸಲೀಸು. ತಲೆಬುರುಡೆಯ ತಳಕ್ಕೆ ಬಂದರೆ ಮಾತ್ರ ನಾಲಿಗೆ ನಿಲ್ಲುತ್ತಿತ್ತು. ಅಲ್ಲಿ ತೂತುಗಳಿವೆ, ಒಂದೊಂದರಿಂದ ಒಂದೊಂದು ನರ ಹೊರಬರುತ್ತದೆ. ಯಾವುದು ಎಲ್ಲಿಂದ ಎಂದು ಅವಳಿಗೆ ಕಲಸಿಹೋಗುತ್ತಿತ್ತು. ಮೊದಲ ಸಲ ಬಿದ್ದದ್ದೂ ಅಲ್ಲೇ.

ಪರೀಕ್ಷೆಗೆ ಎಂಟು ದಿನ ಮೊದಲು ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಪರೀಕ್ಷಕರನ್ನು ನೋಡಿ ಬರುವುದು ಇಲ್ಲಿಯ ರೂಢಿ. ಕ್ಲಾಗೆಸ್ ಆ ಭೇಟಿಯಲ್ಲಿ ಯಾವ ಪಾಠ ಕಷ್ಟ ಎಂದು ಕೇಳುತ್ತಾರೆ, ಇದ್ದದ್ದನ್ನು ಹೇಳಿಬಿಡಿ ಎಂದು ಐದಾರು ಕಾಗದಗಳಲ್ಲಿ ಬರೆದಿತ್ತು. ಅಕ್ಕ ಅದನ್ನು ನನಗೆ ತೋರಿಸಿ ಏನು ಮಾಡಲಿ ಎಂದಳು.

ನನಗೆ ಉರಿದುಹೋಯಿತು. ನಾನು ಶಾಲೆ ಬಿಟ್ಟದ್ದೇ ಆ ಮಾತಿನಿಂದ. ಹದಿಮೂರು ವರ್ಷದವನಿದ್ದಾಗ ಗಣಿತದ ಮೇಷ್ಟ್ರಿಗೆ ಭಿನ್ನರಾಶಿ ಅರ್ಥವಾಗುತ್ತಿಲ್ಲ ಎಂದಿದ್ದೆ. ಮರುದಿನದಿಂದ ದಿನಾ ಬೋರ್ಡಿಗೆ ಕರೆದು ಭಿನ್ನರಾಶಿಯನ್ನೇ ಕೊಟ್ಟ ಮಹಾನುಭಾವ. ಎಂಬತ್ತು ಹುಡುಗರು ನಗುತ್ತಿದ್ದರು. ಒಂದು ತಿಂಗಳು ತಡೆದೆ. ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಅಕ್ಕ ಓದಿದ್ದೂ ಅದೇ ಶಾಲೆಯಲ್ಲಿ. ಅವಳಿಗೆ ಇದೆಲ್ಲ ಗೊತ್ತು.

“ಬಾಯಿ ಬಿಟ್ಟೆ ಅಂದ್ರೆ ಕೆಟ್ಟೆ ಕಣೆ ಅಕ್ಕ,” ಎಂದೆ. “ಮೇಷ್ಟ್ರಿಗೆ ನೋಯೋ ಜಾಗ ತೋರಿಸ್ತಾರೇನೆ? ಅಲ್ಲೇ ಒತ್ತುತ್ತಾರೆ.”

“ಆದ್ರೆ ಇಷ್ಟು ಜನ ಬರೆದಿದಾರಲ್ಲೋ, ಹೇಳಿ ಅಂತ.”

“ಬರೆದೋರು ಯಾರು? ಎಲ್ಲ ಇಲ್ಲಿಯವರು. ಅವ್ರು ಏನು ಹೇಳಿದ್ರೂ ನಡೆಯುತ್ತೆ. ನಿನ್ನ ಬಾಯಿಂದ ಬಂದ್ರೆ, ನೋಡು ಇವಳಿಗೆ ಏನೂ ಬರಲ್ಲ ಅಂತಾರೆ.”

ಅವಳು ಆ ಕಾಗದಗಳನ್ನು ಮಡಿಸಿಟ್ಟಳು. ನನಗಿಂತ ಆರು ವರ್ಷ ದೊಡ್ಡವಳು, ನನಗಿಂತ ನೂರು ಪಾಲು ಓದಿದವಳು. ಆದರೂ ಶಾಲೆ ಬಿಟ್ಟವನ ಮಾತನ್ನು ಕೇಳಿದಳು. ಭೇಟಿ ಮುಗಿಸಿ ಬಂದು, ಎಲ್ಲ ಪಾಠವೂ ಚೆನ್ನಾಗಿದೆ ಸರ್ ಎಂದು ಹೇಳಿದೆ, ಅವರು ಖುಷಿಯಿಂದ ಏನೋ ಬರೆದುಕೊಂಡರು ಎಂದಳು. ಭೇಷ್ ಎಂದೆ.

ಹದಿನೆಂಟರ ಬೆಳಿಗ್ಗೆ ಗಾಡಿಯನ್ನು ಜೊತೆಯವನ ಕೈಗೆ ಕೊಟ್ಟು ಪರೀಕ್ಷೆಯ ಕಟ್ಟಡದ ಮೆಟ್ಟಿಲ ಮೇಲೆ ಹೋಗಿ ಕುಳಿತೆ. ನಾಲ್ವರನ್ನು ಒಟ್ಟಿಗೆ ಒಳಗೆ ಕರೆದರು. ಅಕ್ಕ, ಥೋರ್ಬೆನ್ ಎಂಬ ಉದ್ದನೆಯ ಹುಡುಗ, ಇನ್ನಿಬ್ಬರು ಹುಡುಗಿಯರು. ಮೂರೂವರೆ ಗಂಟೆ ಕಳೆದ ಮೇಲೆ ಮೊದಲು ಹೊರಗೆ ಬಂದವನು ಥೋರ್ಬೆನ್. ನನ್ನನ್ನು ಕಂಡು ನಿಂತ. ಅಕ್ಕ ಬಿದ್ದಳೆಂದು ಅವನ ಮುಖ ನೋಡಿಯೇ ಗೊತ್ತಾಯಿತು.

ಕ್ಲಾಗೆಸ್ ಅವಳಿಗೆ ತಲೆಬುರುಡೆ ಕೊಟ್ಟರು ಎಂದ. ನಿಮಗೆ ಯಾವುದೂ ಕಷ್ಟವಿಲ್ಲವಲ್ಲ, ಹಾಗಾದರೆ ಒಂದು ಚಂದದ ಪ್ರಶ್ನೆಯಿಂದಲೇ ಶುರು ಮಾಡೋಣ ಎಂದು ನಗುತ್ತಾ ಅವಳ ಕೈಗಿಟ್ಟರಂತೆ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಕೇಳಿದ ಸುಲಭದ್ದಕ್ಕೂ ಅವಳ ನಾಲಿಗೆ ಹೊರಳಲಿಲ್ಲ. ನಿನಗೇನು ಕೇಳಿದರು ಎಂದೆ. ಅವನು ನೆಲ ನೋಡಿದ.

“ನಂಗೆ ಭುಜ ಕೇಳಿದ್ರು. ತಲೆ ನಂಗೆ ಬರಲ್ಲ ಅಂತ ಮೊದಲೇ ಹೇಳಿದ್ದೆ. ಹೇಳಿದ್ರೆ ಅದನ್ನ ಬಿಟ್ಟುಬಿಡ್ತಾರೆ. ಅವಳು ಹೇಳ್ಲಿಲ್ವಾ?”

ನಾನು ಒಳಗೆ ಓಡಿದೆ. ಅಡುಗೆಮನೆಯ ಬಿಳಿ ಕೋಟಿನಲ್ಲಿದ್ದೆ, ಯಾರೂ ತಡೆಯಲಿಲ್ಲ. ಕ್ಲಾಗೆಸ್ ಒಬ್ಬರೇ ಬಾಗಿಲು ಹಾಕುತ್ತಿದ್ದರು. ರಾಕ್ಷಸನಂಥ ಮನುಷ್ಯನನ್ನು ಎಣಿಸಿಕೊಂಡು ಹೋಗಿದ್ದೆ, ಕೊರಳಪಟ್ಟಿ ಹಿಡಿಯಬೇಕೆಂದು ಕೈ ತುರಿಸುತ್ತಿತ್ತು. ಅಲ್ಲಿದ್ದದ್ದು ಗೂನುಬೆನ್ನಿನ ಮುದುಕ. ಬಗ್ಗಿ ಬಗ್ಗಿ ನೋಡಿದರೂ ಅವರ ಬೀಗದ ಕೈ ಬೀಗಕ್ಕೆ ಸೇರುತ್ತಲೇ ಇರಲಿಲ್ಲ.

“ಎರ್ಮಿನ್ ತಮ್ಮ ನಾನು. ಯಾವುದು ಕಷ್ಟ ಅಂತ ಹೇಳ್ಬೇಡ ಅಂದೋನು ನಾನು,” ಎಂದೆ. “ತಪ್ಪು ನಂದು, ಅವಳದ್ದಲ್ಲ. ಕೈ ಕೇಳಿ, ಹೃದಯ ಕೇಳಿ ಸರ್. ಈಗ್ಲೇ ಕರ್ಕೊಂಬರ್ತೀನಿ.”

ಅವರು ನಿಜವಾಗಿಯೂ ಯೋಚಿಸಿದರು. ಅದನ್ನೇ ನನಗೆ ತಡೆಯಲಾಗಲಿಲ್ಲ.

“ಒಂದು ಮಾತು ಹೇಳಿದ್ರೆ ನಾನು ಆ ಕಡೆ ಹೋಗ್ತಾನೇ ಇರ್ಲಿಲ್ಲಪ್ಪ,” ಎಂದರು. “ಅದಕ್ಕೇ ಕೇಳೋದು ನಾನು. ಈಗ ಸಹಿ ಬಿದ್ದಾಯ್ತು. ನನ್ನ ಕೈಲಿ ಏನೂ ಉಳಿದಿಲ್ಲ.”

ಬೈಯಲಿ ಎಂದು ಕಾದೆ. ಹೊರಗೆ ಹಾಕಲಿ ಎಂದು ಕಾದೆ. ಅವರು ಕನ್ನಡಕ ತೆಗೆದು ಒರೆಸುತ್ತಾ ನಿಂತರು. ಹೊಡೆಯಲು ಯಾರೂ ಸಿಗದ ಸಿಟ್ಟನ್ನು ಏನು ಮಾಡುವುದು? ಗೋಡೆಗೆ ಒದ್ದೆ. ಕಾಲು ನೊಂದಿತು, ಗೋಡೆ ಹಾಗೆಯೇ ಇತ್ತು.

ಹೊರಗೆ ಬಂದಾಗ ಮೆಟ್ಟಿಲ ಕೆಳಗೆ ಜನ ಸೇರಿದ್ದರು. ಪಾಸಾದವರ ಮನೆಯವರು ಬಾಟಲಿ ಬಿಚ್ಚಿ, ಸೆಕ್ಟ್ ಎಂಬ ನೊರೆ ಉಕ್ಕುವ ವೈನನ್ನು ಕಾಗದದ ಲೋಟಗಳಿಗೆ ಸುರಿಯುತ್ತಿದ್ದರು. ಅಕ್ಕ ಅವರ ನಡುವೆ ಸಿಕ್ಕಿಕೊಂಡಿದ್ದಳು. ಆ ಇಬ್ಬರು ಹುಡುಗಿಯರ ಕೈ ಕುಲುಕಿ ಅಭಿನಂದನೆ ಹೇಳುತ್ತಿದ್ದಳು. ಥೋರ್ಬೆನ್ ದೂರದಲ್ಲಿ ಫೋನಿನಲ್ಲಿದ್ದ. ಅವನ ತಾಯಿಗೆ ಯಾರೂ ಏನೂ ಹೇಳಿರಲಿಲ್ಲವೆಂದು ಕಾಣುತ್ತದೆ. ಆಕೆ ಅಕ್ಕನ ಕೈಗೊಂದು ಲೋಟ ಇಟ್ಟು, ನನಗೂ ಒಂದು ಕೊಟ್ಟರು.

“ಕಷ್ಟದ್ದೆಲ್ಲ ಕಳೀತಲ್ಲಮ್ಮ ಇವತ್ತಿಗೆ. ಅರ್ಧ ಡಾಕ್ಟ್ರು ಆದ್ರಿ ನೀವೂ,” ಎಂದು ಅಕ್ಕನ ಬೆನ್ನು ಸವರಿದರು.

ಹೇಳೇ, ಈಗಲಾದರೂ ಹೇಳೇ ಎಂದು ಮನಸ್ಸಿನಲ್ಲೇ ಕೂಗಿದೆ. ಅಕ್ಕ ನನ್ನ ಕಡೆ ನೋಡಲಿಲ್ಲ.

“ಥ್ಯಾಂಕ್ಸ್ ಆಂಟಿ,” ಎಂದಳು. ಲೋಟ ಎತ್ತಿ ಒಂದು ಗುಟುಕು ಕುಡಿದಳು. ಆಕೆ ಇನ್ನೂ ನೋಡುತ್ತಲೇ ಇದ್ದರು ಎಂದು ಇನ್ನೊಂದು ಗುಟುಕು ಕುಡಿದಳು.